ನೆಲದ ಮೇಲೆ ಸೋರಿದ ದೋಣಿ

ತೂತು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಕೆಲವರಿಗೆ ನಶ್ಯ, ಕೆಲವರಿಗೆ ಇಸ್ಪೀಟು, ನನಗೆ ಇದು. ಗೋಡೆಯಲ್ಲಿ ಮೊಳೆ ಕಿತ್ತ ಗುರುತು, ಬಾಗಿಲಿನ ಕೆಳಗಿನ ಸಂದು, ಸಿಂಕಿನ ಪೈಪು ಗೋಡೆಯೊಳಗೆ ನುಗ್ಗುವ ಕಡೆ ಉಳಿದ ಬಿರುಕು, ಇವನ್ನು ಮುಚ್ಚದೆ ನಾನು ನೆಮ್ಮದಿಯಾಗಿ ಮಲಗಿದ್ದಿಲ್ಲ. ನೆಂಟರ ಮನೆಗೆ ಊಟಕ್ಕೆ ಹೋದರೂ ಅವರ ಕಿಟಕಿಯ ಚೌಕಟ್ಟನ್ನೇ ನೋಡುತ್ತ ಕೂತಿರುತ್ತೇನೆ. ಹೋಳಿಗೆ ಬಡಿಸಲು ಬಂದವರು ನನ್ನನ್ನು ಎರಡೆರಡು ಸಲ ಕರೆಯಬೇಕಾಗುತ್ತದೆ. ನನ್ನ ಹೆಂಡತಿ ಪ್ರಮೀಳಾ ಬಂದವರ ಮುಂದೆಲ್ಲ ಹೇಳುವುದೊಂದೇ: ಇವರು ಅಂಗಿ ಗುಂಡಿಯ ತೂತುಗಳನ್ನು ಮಾತ್ರ ಹೇಗೋ ಬಿಟ್ಟಿದ್ದಾರೆ, ದಾರ ಹಾಕಬೇಕಲ್ಲ ಎಂದು.

ಮೊನ್ನೆ ಅಡುಗೆಮನೆಯ ಡ್ರಾಯರಿನಲ್ಲಿ ಕತ್ತರಿ ಹುಡುಕುತ್ತಿದ್ದಾಗ ಕರಿ ಸಿಲಿಕೋನಿನ ಒಂದು ಟ್ಯೂಬು ಕೈಗೆ ಸಿಕ್ಕಿತು. ಅರ್ಧ ಖಾಲಿ, ಮೂತಿ ಒಣಗಿ ಕಲ್ಲಾಗಿತ್ತು. ಇನ್ನು ಯಾವ ಕೆಲಸಕ್ಕೂ ಬಾರದು. ಆದರೂ ಎಸೆಯಲು ಮನಸ್ಸು ಬರಲಿಲ್ಲ. ಅದನ್ನು ಕೈಯಲ್ಲಿ ಹಿಡಿದು ನಿಂತವನನ್ನು ಪ್ರಮೀಳಾ ನೋಡಿದಳು, ಟ್ಯೂಬನ್ನೂ ನೋಡಿದಳು, ನಗುತ್ತ ಒಳಗೆ ಹೋದಳು. ಆ ನಗೆಯ ಹಿಂದೆ ಒಂದು ದೋಣಿ ಇದೆ. ಕೇಳುವ ಪುರುಸೊತ್ತಿದ್ದರೆ ಹೇಳುತ್ತೇನೆ.

ಅದಕ್ಕೂ ಮೊದಲು ನನ್ನ ಈ ಚಟ ಎಲ್ಲಿಂದ ಬಂತೆಂದು ಹೇಳಿಬಿಡಬೇಕು, ಇಲ್ಲದಿದ್ದರೆ ನೀವು ನನ್ನನ್ನು ಹುಟ್ಟಾ ತಿಕ್ಕಲನೆಂದು ತಿಳಿದೀರಿ. ನನ್ನದು ಗದಗಿನ ಕಡೆಯ ಊರು. ಎರೆಭೂಮಿ. ಮನೆಗಳಿಗೆಲ್ಲ ಮಣ್ಣಿನ ಮಾಳಿಗೆ. ವರ್ಷವಿಡೀ ಮುಖ ತೋರಿಸದ ಮಳೆ ನಮ್ಮೂರಿಗೆ ಬಂದರೆ ನೇರ ಅಡುಗೆಮನೆಗೇ ಬರುತ್ತಿತ್ತು. ಮೊದಲ ಹನಿ ಬೀಳುತ್ತಲೇ ಅವ್ವ ನನ್ನನ್ನು ಏಣಿ ಹತ್ತಿಸುತ್ತಿದ್ದಳು. ಬೆಳಕಿಂಡಿಯ ಮೇಲೆ ಹಿಟ್ಟು ನಾದುವ ಪರಾತ ಬೋರಲು ಹಾಕುವುದು ನನ್ನ ಮೊದಲ ಕೆಲಸ. ಆಮೇಲೆ ಅವ್ವ ಒಳಗೆ ನಿಂತು, ಹನಿ ಬೀಳುವ ಕಡೆ ಜಂತಿಗೆ ಕೋಲಿನಿಂದ ಬಡಿಯುತ್ತಿದ್ದಳು. ನಾನು ಮೇಲೆ, ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು, ಆ ಸದ್ದನ್ನು ಹುಡುಕಿ ಹೋಗಿ ಅಲ್ಲಿ ಮಣ್ಣು ಹಾಕಿ ಹಿಮ್ಮಡಿಯಿಂದ ತುಳಿಯಬೇಕು. ತುಳಿದರೆ ಅಲ್ಲಿ ನಿಲ್ಲುತ್ತಿತ್ತು, ಒಂದು ಮೊಳ ಆಚೆಗೆ ಶುರುವಾಗುತ್ತಿತ್ತು. ನೀರು ಒಳಗೆ ಹೋಗುವ ಜಾಗವೇ ಬೇರೆ, ಬೀಳುವ ಜಾಗವೇ ಬೇರೆ ಎಂಬುದು ನನಗೆ ಅಂದೇ ಗೊತ್ತಾಗಿತ್ತು. ಮುಂದೆ ಬೇಕಾದ ಹೊತ್ತಿಗೆ ಅದು ನೆನಪಿಗೆ ಬರಲಿಲ್ಲ, ಆ ಮಾತು ಬೇರೆ.

ದೊಡ್ಡವನಾದ ಮೇಲೆ ಸರ್ಕಾರ ನನಗೆ ಇದೇ ಕೆಲಸಕ್ಕೆ ಪಗಾರ ಕೊಡತೊಡಗಿತು. ನಾಗಪುರದಲ್ಲಿ ಆರ್ಡನನ್ಸ್ ಫ್ಯಾಕ್ಟರಿಯ ನೌಕರಿ, ತಪಾಸಣೆಯ ವಿಭಾಗ. ಸೈನ್ಯಕ್ಕೆ ಹೋಗುವ ಪೆಟ್ಟಿಗೆಗಳಲ್ಲಿ ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸುತ್ತಿದ್ದರು. ನಾನು ದಂಡೆಯ ಮೇಲೆ ಕುರ್ಚಿ ಹಾಕಿಕೊಂಡು ಕೂತು ಗುಳ್ಳೆ ಬರುತ್ತದೆಯೇ ಎಂದು ನೋಡುತ್ತಿದ್ದೆ. ಗುಳ್ಳೆ ಬಂತೋ, ಪೆಟ್ಟಿಗೆ ವಾಪಸ್. ಎಂಥ ಸಣ್ಣ ಗುಳ್ಳೆಯೂ ನನ್ನ ಕಣ್ಣು ತಪ್ಪಿಸುವಂತಿರಲಿಲ್ಲ. ಹೊರಗಿನವರು ಕೇಳಿದರೆ ರಕ್ಷಣಾ ಇಲಾಖೆಯಲ್ಲಿದ್ದೇನೆ ಎನ್ನುತ್ತಿದ್ದೆ. ಇಡೀ ಆಯುಷ್ಯ ನೀರು ನೋಡುತ್ತ ಕಳೆದೆ ಎಂದು ಪ್ರಮೀಳಾ ಹೇಳುತ್ತಾಳೆ.

ನೋಡಿದೆ ನಿಜ, ಇಳಿಯಲಿಲ್ಲ. ನಮ್ಮ ಕಡೆ ನೀರನ್ನು ಕೊಡದಲ್ಲಿ ನೋಡಿ ಬೆಳೆದವನು ನಾನು. ಸೊಂಟ ಮುಟ್ಟುವ ನೀರು ಕಂಡರೆ ನನಗೆ ಎದೆ ಡವಗುಟ್ಟುತ್ತದೆ. ಪ್ರಮೀಳಾ ಜಮಖಂಡಿಯ ಕಡೆಯ ಹೆಣ್ಣು, ಕೃಷ್ಣಾ ಹೊಳೆಯ ದಂಡೆಯವಳು. ಅವಳಿಗೆ ನಡೆಯುವುದನ್ನು ಕಲಿಸಿದ್ದು ಮೊದಲೋ ಈಸುವುದನ್ನು ಕಲಿಸಿದ್ದು ಮೊದಲೋ ಅವಳ ತವರಿನವರಿಗೇ ಸರಿಯಾಗಿ ಗೊತ್ತಿಲ್ಲ. ಇಂಥ ಇಬ್ಬರಿಗೆ ಗಂಟು ಹಾಕಿದ ಹಿರಿಯರು ಜಾತಕ ನೋಡಿದ್ದರಂತೆ. ಅದರಲ್ಲಿ ನೀರಿನ ವಿಷಯ ಇರಲಿಲ್ಲವೆಂದು ಕಾಣುತ್ತದೆ.

ಪ್ರಮೀಳಾ ರಾಮದಾಸಪೇಠದ ಒಂದು ಆಸ್ಪತ್ರೆಯಲ್ಲಿ ದಾದಿಯಾಗಿದ್ದಳು. ಅಲ್ಲಿನ ದೊಡ್ಡ ಡಾಕ್ಟರೊಬ್ಬರಿಗೆ ದೋಣಿಯ ಹುಚ್ಚು. ಕಳಮೇಶ್ವರದಿಂದ ಆಚೆ ಒಂದು ಜಲಾಶಯದಲ್ಲಿ ಅವರದೊಂದು ಹಳೆಯ ಮೋಟಾರು ದೋಣಿ ಇತ್ತು. ರವಿವಾರ ಅವರು ಅದನ್ನು ಓಡಿಸಿ ಬಂದರೆ ಸೋಮವಾರ ಇವಳು ಅವರಿಂದ ಅದರ ಸುದ್ದಿ ಕೇಳುತ್ತಿದ್ದಳು. ಇವಳು ನಿವೃತ್ತಳಾದ ವರ್ಷವೇ ಅವರಿಗೆ ಪುಣೆಯಲ್ಲಿ ಮಗನ ಹತ್ತಿರ ಹೋಗಿ ಇರುವ ಯೋಗ ಬಂತು. ಇಷ್ಟು ವರ್ಷ ಅದರ ಯೋಗಕ್ಷೇಮ ಕೇಳಿದವರು ನೀವೊಬ್ಬರೇ, ನೀವೇ ಇಟ್ಟುಕೊಳ್ಳಿ ಎಂದು ದೋಣಿಯನ್ನು ಇವಳಿಗೆ ಕೊಟ್ಟುಬಿಟ್ಟರು. ಬೀಳ್ಕೊಡುಗೆಯಿಂದ ಎಲ್ಲರ ಹೆಂಡಂದಿರು ಮನೆಗೆ ಬೆಳ್ಳಿಯ ಲೋಟ, ಗೋಡೆ ಗಡಿಯಾರ ತರುತ್ತಾರೆ. ನನ್ನ ಹೆಂಡತಿ ಟ್ರಾಲಿಯ ಮೇಲೆ ದೋಣಿ ತಂದಳು.

ಅದು ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ, ಕಾರಿಲ್ಲದ ನಮ್ಮ ಕಾರಿನ ಜಾಗದಲ್ಲಿ ಬಂದು ನಿಂತಿತು. ಫೈಬರಿನ ಮೈ, ತಲೆಯ ಮೇಲೆ ಗಟ್ಟಿ ಛಾವಣಿ, ಹಿಂದಕ್ಕೆ ಕ್ಯಾನ್ವಾಸಿನ ಪರದೆ, ಎದುರಿಗೆ ಅಲ್ಯುಮಿನಿಯಂ ಚೌಕಟ್ಟಿನಲ್ಲಿ ಕೂರಿಸಿದ ದೊಡ್ಡ ಗಾಜು. ನೋಡಲು ಚೆನ್ನಾಗಿಯೇ ಇತ್ತು. ಎರಡು ತಿಂಗಳು ರಿಪೇರಿ ಮಾಡಿಸಿ ಮತ್ತೆ ಜಲಾಶಯಕ್ಕೆ ಇಳಿಸುವುದೆಂದು ಪ್ರಮೀಳಾಳ ಲೆಕ್ಕ. ಮೋಟಾರು ಸರಿಹೋಯಿತು. ಅಷ್ಟರಲ್ಲಿ ಮಳೆಗಾಲ ಬಂತು, ಮೊದಲ ಮಳೆಗೇ ದೋಣಿಯ ಒಳಗೆ ನೀರು ನಿಂತಿತು.

ಕೆಳಗಿನಿಂದ ಸೋರುವ ದೋಣಿಯ ಕಥೆ ಯಾರು ಬೇಕಾದರೂ ಹೇಳುತ್ತಾರೆ. ನಮ್ಮದು ಮೇಲಿನಿಂದ ಸೋರಿತು, ಅದೂ ಗಾಜಿನ ಅಂಚಿನಿಂದ, ಅದೂ ನೆಲದ ಮೇಲೆ ನಿಂತಾಗ. ಹಿಂಬದಿಯ ತಳದಲ್ಲಿ ನೀರು ಬಿಡಲು ಒಂದು ಬಿರಡೆಯೇನೋ ಇತ್ತು. ಆದರೆ ನಮ್ಮ ಪಾರ್ಕಿಂಗಿನ ನೆಲ ಇಳಿಜಾರು, ದೋಣಿಯ ಮೂತಿ ಕೆಳಗೆ. ನೀರೆಲ್ಲ ಮುಂದಕ್ಕೆ ಹರಿದು ಸೀಟಿನ ಬುಡದಲ್ಲಿ ನಿಲ್ಲುತ್ತಿತ್ತು. ತಾಡಪತ್ರಿ ಹೊದಿಸಿದೆವು. ನಾಗಪುರದ ಗಾಳಿ ಅದನ್ನು ಎತ್ತಿ ಎದುರಿನ ಕಟ್ಟಡದವರಿಗೆ ಕೊಟ್ಟಿತು.

ಸೊಸೈಟಿಯ ಕಾರ್ಯದರ್ಶಿ ವಾನಖೇಡೆ ಒಳ್ಳೆಯ ಮನುಷ್ಯ, ಆದರೆ ಸೊಳ್ಳೆಯ ವಿಷಯದಲ್ಲಿ ಯಾರ ಮುಲಾಜೂ ಇಟ್ಟುಕೊಂಡವರಲ್ಲ. ಹಿಂದಿನ ವರ್ಷ ಅವರ ಮಗಳಿಗೆ ಡೆಂಗಿ ಬಂದಿತ್ತು. ನಮ್ಮ ದೋಣಿಯ ಒಳಗೆ ನಿಂತ ನೀರಿನ ಫೋಟೋ ತೆಗೆದು ಸೊಸೈಟಿಯ ವಾಟ್ಸಾಪಿಗೆ ಹಾಕಿದರು. ಆಮೇಲೆ ನನ್ನನ್ನು ಗೇಟಿನ ಹತ್ತಿರ ಹಿಡಿದು, “ಕಾಕಾ, ಹೀ ಬೋಟ್ ಆಹೇ ಕಾ ಪಾಣ್ಯಾಚೀ ಟಾಕೀ?” ಎಂದರು. ಇದು ದೋಣಿಯೋ ನೀರಿನ ಟಾಕಿಯೋ ಎಂದು ಅವರು ಕೇಳಿದ್ದಕ್ಕೆ ನಾನು ಬಕೆಟ್ಟು ತರಲು ಹೋದೆ. ಸಭೆ ಸೇರಿತು. ಕೈಲಾದ ರಿಪೇರಿ ಮಾಡಿಕೊಳ್ಳಲಿ, ಶ್ರಾವಣ ಕೂಡಿದ ಮೇಲೆ ಬರುವ ಮೊದಲ ದೊಡ್ಡ ಮಳೆಗೆ ಮತ್ತೆ ಒಳಗೆ ನೀರು ನಿಂತರೆ ದೋಣಿ ಗುಜರಿಯ ಗಾಡಿ ಹತ್ತಲಿ ಎಂದು ತೀರ್ಮಾನವಾಯಿತು. ಪ್ರಮೀಳಾ ಕೈ ಎತ್ತಿ ಒಪ್ಪಿಕೊಂಡಳು. ಜ್ವರದ ವಾರ್ಡಿನಲ್ಲಿ ಕೆಲಸ ಮಾಡಿದವಳು, ಸೊಳ್ಳೆಯ ಪರವಾಗಿ ಅವಳು ಹೇಗೆ ಮಾತಾಡಿಯಾಳು?

ಮನೆಗೆ ಬಂದವಳು ನನ್ನ ಎದುರು ಕೂತಳು. ಹುಟ್ಟಿದಾಗಿನಿಂದ ಮಾಡಿದ ಕೆಲಸ, ಒಂದು ಗಾಜಿನ ಸುತ್ತ ಸೋರುವುದನ್ನು ನಿಲ್ಲಿಸಲಾರಿರಾ ಎಂದಳು. ನಿಲ್ಲಿಸುತ್ತೇನೆ ಎಂದೆ, ಎದೆ ಉಬ್ಬಿಸಿಕೊಂಡೇ. ಆಗ ಅವಳು, “ಸೋರೂದು ನಿಂತ್ರ ನೀವೂ ಹತ್ತಬೇಕು. ನಾ ಒಬ್ಬಾಕಿನ ಹೋಗಂಗಿಲ್ಲ” ಎಂದಳು. ಉಬ್ಬಿದ ಎದೆ ಇಳಿಯುವುದರೊಳಗೆ ಆಯಿತು ಎಂದುಬಿಟ್ಟಿದ್ದೆ.

ನನ್ನ ಫಜೀತಿ ನೋಡಿ. ಸೋರುವುದು ನಿಲ್ಲದಿದ್ದರೆ ಫ್ಯಾಕ್ಟರಿಯಲ್ಲಿ ಗಳಿಸಿದ ಮಾನ ಪಾರ್ಕಿಂಗಿನಲ್ಲಿ ಹೋಗುತ್ತದೆ, ಹೆಂಡತಿಯ ದೋಣಿ ಗುಜರಿಗೆ ಹೋಗುತ್ತದೆ. ನಿಂತರೆ ನಾನು ಆಳವಾದ ನೀರಿಗೆ ಹೋಗಬೇಕಾಗುತ್ತದೆ. ಯಾವುದು ಆಗಲಿ ಎಂದು ಬೇಡಿಕೊಳ್ಳಬೇಕೋ ತಿಳಿಯದೆ ಸ್ವಲ್ಪ ದಿನ ದೇವರ ಮುಂದೆ ಬರೀ ಕೈ ಮುಗಿದು ಬಂದೆ.

ಆದರೆ ಕೆಲಸಕ್ಕೆ ಕೂತ ಮೇಲೆ ನಾನು ನಾನಾಗಿರಲಿಲ್ಲ. ಕಾಮಠಿ ರಸ್ತೆಯಲ್ಲಿ ಬಸ್ಸು ಲಾರಿಗಳ ಗಾಜು ಕೂರಿಸುವ ಅಂಗಡಿಯಿಂದ ಹೊಸ ರಬ್ಬರು ತಂದೆ. ಬಿರುಕು ಬಿಟ್ಟು ಒಣಗಿದ ಹಳೆಯ ರಬ್ಬರನ್ನು ಕಿತ್ತೆ. ಹಿಂದಿನವರು ಮೆತ್ತಿದ ಹಳೆಯ ಅಂಟನ್ನು ಪ್ರಮೀಳಾಳ ದೋಸೆ ಸಟ್ಟುಗದಿಂದ ಕೆರೆದೆ, ಅದು ಅವಳಿಗೆ ಆಮೇಲೆ ಗೊತ್ತಾಯಿತು. ಚೌಕಟ್ಟು ದೋಣಿಯ ಮೈಗೆ ಕೂಡುವ ಕಡೆ ಸ್ಕ್ರೂಗಳನ್ನು ಸಡಿಲಿಸಿ, ಒರೆಸಿ, ಒಣಗಿಸಿ, ಕರಿ ಸಿಲಿಕೋನ್ ಎಳೆದು ಮತ್ತೆ ಬಿಗಿದೆ. ಬೆರಳನ್ನು ಸಾಬೂನಿನ ನೀರಲ್ಲಿ ಅದ್ದಿ ಅಂಚನ್ನು ತೀಡಿದೆ. ಪಾರ್ಕಿಂಗಿಗೆ ಬಂದು ಹೋಗುವವರು ನಿಂತು ನೋಡುತ್ತಿದ್ದರು. ನಿವೃತ್ತಿಯಾದ ಮೇಲೆ ಅಷ್ಟು ಜನ ನನ್ನನ್ನು ನೋಡಿದ್ದು ಅದೇ ಮೊದಲು.

ಎಲ್ಲ ಮುಗಿದ ಮೇಲೆ, ಚೌಕಟ್ಟಿನ ಕೆಳಪಟ್ಟಿಯ ಹೊರಮೈಯಲ್ಲಿ ಸಣ್ಣ ಸಣ್ಣ ಸೀಳುಗಳು ಕಂಡವು. ಅಕ್ಕಿಕಾಳು ಹೋಗುವಷ್ಟು ಅಗಲ, ಈ ತುದಿಗೆ ಕೆಲವು, ಆ ತುದಿಗೆ ಕೆಲವು. ನನಗೆ ಮೈ ಉರಿಯಿತು. ಇಷ್ಟು ದೊಡ್ಡ ದೋಣಿ ಮಾಡಿದವರಿಗೆ ಇಷ್ಟು ಬೇಜವಾಬ್ದಾರಿಯೇ? ನಮ್ಮ ತಪಾಸಣೆಯಲ್ಲಾಗಿದ್ದರೆ ತೊಟ್ಟಿಯವರೆಗೂ ಹೋಗುತ್ತಿರಲಿಲ್ಲ, ಬಾಗಿಲಲ್ಲೇ ವಾಪಸ್ಸಾಗುತ್ತಿತ್ತು. ಮಾಡಿದವರನ್ನು ಬೈಯುತ್ತ ಅವಕ್ಕೂ ಸಿಲಿಕೋನ್ ತುಂಬಿದೆ. ಒಳಗಿನವರೆಗೂ ಹೋಗಲಿ ಎಂದು ಟೂತ್‌ಪಿಕ್ಕಿನಿಂದ ಒತ್ತಿದೆ. ಆ ಸಂಜೆ ಚಹಾ ಬಹಳ ರುಚಿಯಾಗಿತ್ತು.

ಶ್ರಾವಣಕ್ಕೆ ಇನ್ನೂ ದಿನಗಳಿದ್ದವು. ನಡುವೆ ಒಂದು ಸಾಧಾರಣ ಮಳೆ ಬಂತು. ಬೆಳಿಗ್ಗೆ ಇಬ್ಬರೂ ಹೋಗಿ ನೋಡಿದರೆ ಒಳಗೆ ಮೊದಲಿಗಿಂತ ಹೆಚ್ಚು ನೀರು.

ನನಗೆ ನಂಬಲಾಗಲಿಲ್ಲ. ಮೇಲಂಚಿಗೆ ಇನ್ನೊಂದು ಸುತ್ತು ಸಿಲಿಕೋನ್ ಎಳೆದೆ. ಮತ್ತೆ ಮಳೆ, ಮತ್ತೆ ನೀರು. ಮೂಲೆಗಳಿಗೆ ಎಳೆದೆ. ಮತ್ತೆ ನೀರು. ನಾನು ಹಚ್ಚಿದಷ್ಟೂ ಅದು ಸೋರುತ್ತಿತ್ತು. ವಾನಖೇಡೆಯವರು ಬಂದು ಇಣುಕಿ ನೋಡಿ ಈ ಸಲ ನನ್ನ ಭುಜ ತಟ್ಟಿ ಹೋದರು. ಅದು ಬೈಗುಳಕ್ಕಿಂತ ಜಾಸ್ತಿ ನಾಟಿತು.

ಆ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಪ್ರಮೀಳಾ ರೊಟ್ಟಿ ಹಾಕುತ್ತ, ನನ್ನ ಮುಖ ನೋಡದೆ ಕೇಳಿದಳು: “ಹತ್ತಬೇಕಾಗ್ತೈತಿ ಅಂತ ನೀವ ಬೇಕಂತ ಸೋರಸಾಕತ್ತೀರೇನು?”

ಮುರಿದ ರೊಟ್ಟಿಯನ್ನು ತಟ್ಟೆಗೆ ಹಾಕಿದೆ. ಇಲ್ಲ ಎಂದೆ. ಅವಳು ಪಲ್ಯ ಬಡಿಸಿದಳು, ಮತ್ತೆ ಆ ಮಾತು ಎತ್ತಲಿಲ್ಲ. ನಂಬಿದಳೋ ಬಿಟ್ಟಳೋ ತಿಳಿಯಲಿಲ್ಲ. ಹೆದರುಪುಕ್ಕಲ ಎಂದಿದ್ದರೆ ಒಪ್ಪುತ್ತಿದ್ದೆ, ಅದು ನಿಜವೇ. ಆದರೆ ಕೆಲಸದಲ್ಲಿ ಮೋಸ ಮಾಡಿದ್ದೇನೆಂದು ಇವಳು ಅಂದುಕೊಂಡಳಲ್ಲ ಎಂದು ಬಹಳ ನೋವಾಯಿತು. ಅದಕ್ಕಿಂತ ಕಷ್ಟವೆಂದರೆ, ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ.

ಮರುದಿನ ಅವಳನ್ನು ಕರೆದುಕೊಂಡು ಹೋಗಿ ಪರೀಕ್ಷೆಗೆ ಕೂರಿಸಿದೆ. ಅವಳು ದೋಣಿಯ ಒಳಗೆ ಬ್ಯಾಟರಿ ಹಿಡಿದು ಕೂತಳು. ನಾನು ಹೊರಗೆ ನಿಂತು ತೋಟದ ಪೈಪಿನಿಂದ ಗಾಜಿನ ಮೇಲೆ ನೀರು ಬಿಟ್ಟೆ, ಕೆಳಗಿನಿಂದ ಶುರುಮಾಡಿ ಮೇಲಕ್ಕೆ. ಸುಮಾರು ಹೊತ್ತು ಅವಳು ಏನೂ ಇಲ್ಲ, ಏನೂ ಇಲ್ಲ ಎನ್ನುತ್ತಿದ್ದಳು. ನನಗೆ ಹುರುಪು ಬರುತ್ತಿತ್ತು. ಆಮೇಲೆ ಇದ್ದಕ್ಕಿದ್ದಂತೆ ಕೆಳಪಟ್ಟಿಯ ಒಳಗಡೆಯಿಂದ ನೀರು ಇಳಿಯುತ್ತಿದೆ ಎಂದಳು. ನಾನು ನಲ್ಲಿ ತಿರುಗಿಸಿ ನಿಲ್ಲಿಸಿದೆ.

“ನೀರು ಬಂದ್ ಮಾಡ್ರಿ.”

“ಮಾಡೀನಿ.”

“ಮಾಡೀರಿ? ಇಲ್ಲಿ ಇನ್ನೂ ಬರಾಕತ್ತೈತಲ್ಲ.”

ಗಾಜಿನ ಮೇಲೆ ನೀರಿಲ್ಲ, ಒಳಗೆ ಮಾತ್ರ ಬರುತ್ತಲೇ ಇದೆ. ಹಾಗಾದರೆ ಅದು ಎಲ್ಲೋ ಕೂಡಿಕೊಂಡು ಕೂತಿದೆ. ಕೆಳಪಟ್ಟಿಗೆ ಬೆರಳಿನಿಂದ ಬಡಿದೆ. ಟೊಳ್ಳು ಸದ್ದು ಬರಬೇಕಿತ್ತು, ತುಂಬಿದ ಕೊಡದ ಸದ್ದು ಬಂತು. ಅಲ್ಲಿಗೆ ಎಲ್ಲ ಹೊಳೆಯಿತು. ಎಂಥ ರಬ್ಬರು ಹಾಕಿದರೂ ಒಂದಿಷ್ಟು ನೀರು ಗಾಜಿನ ಬುಡಕ್ಕೆ ಇಳಿದೇ ಇಳಿಯುತ್ತದೆ. ಇಳಿದದ್ದು ಹೊರಗೆ ಹೋಗಲಿ ಎಂದೇ ದೋಣಿ ಮಾಡಿದವರು ಆ ಸೀಳುಗಳನ್ನು ಕೊಯ್ದಿದ್ದರು. ನಾನು ಅವನ್ನು ಟೂತ್‌ಪಿಕ್ಕಿನಿಂದ ಒತ್ತಿ ಒತ್ತಿ ಮುಚ್ಚಿದ್ದೆ. ಹೊರಗೆ ದಾರಿ ಸಿಗದ ನೀರು ತುಂಬಿ ಒಳಗೆ ಚೆಲ್ಲುತ್ತಿತ್ತು. ಸೋರುವುದನ್ನು ನಿಲ್ಲಿಸುವವನು ನಾನು ಎಂದುಕೊಂಡಿದ್ದೆ, ಸೋರಿಸುತ್ತಿದ್ದವನೂ ನಾನೇ ಆಗಿದ್ದೆ.

ಗೊತ್ತಾಯಿತೇ ಎಂದು ಅವಳು ಒಳಗಿನಿಂದ ಕೇಳಿದಳು. ಇಲ್ಲ, ನೋಡುತ್ತೇನೆ ಎಂದೆ. ಚಹಾ ಮಾಡಿಕೊಂಡು ಬರುವ ನೆಪ ಹೇಳಿ ಮನೆಗೆ ಬಂದೆ.

ಹಾಲು ಕಾಯುವುದರೊಳಗೆ ಮನಸ್ಸು ಏನೇನೋ ಆಟ ಆಡಿತು. ಈಗ ಹೋಗಿ ಆ ಸೀಳುಗಳನ್ನು ನಾನೇ ಮುಚ್ಚಿದ್ದು ಎಂದರೆ ಅವಳ ಅನುಮಾನಕ್ಕೆ ಸಾಕ್ಷಿ ಕೊಟ್ಟಂತೆ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಮಳೆ ಬರುತ್ತದೆ, ವಾನಖೇಡೆ ಬರುತ್ತಾರೆ, ಗುಜರಿಯ ಗಾಡಿ ಬರುತ್ತದೆ. ಹಳೆಯ ದೋಣಿ, ಏನು ಮಾಡಲಾಗುತ್ತದೆ ಎಂದು ಎಲ್ಲರೂ ಅನ್ನುತ್ತಾರೆ. ನಾನು ಒಣಗಿದ ನೆಲದ ಮೇಲೆ ಸುಖವಾಗಿರುತ್ತೇನೆ. ನಿಮಗೆ ಸುಳ್ಳು ಹೇಳುವುದಿಲ್ಲ, ಆ ಸುಖ ಕಣ್ಣ ಮುಂದೆ ಬಂದಾಗ ಒಂದು ಗಳಿಗೆ ಹಿತವಾಗಿಯೇ ಇತ್ತು.

ಬಾಲ್ಕನಿಯಿಂದ ಇಣುಕಿದೆ. ಪ್ರಮೀಳಾ ದೋಣಿಯೊಳಗೆ ಮೊಣಕಾಲೂರಿ, ಹಳೆಯ ಸೀರೆಯ ತುಂಡಿನಿಂದ ನೀರು ಒರೆಸಿ ಒರೆಸಿ ಬಕೆಟ್ಟಿಗೆ ಹಿಂಡುತ್ತಿದ್ದಳು. ನನ್ನನ್ನು ಕರೆಯಲಿಲ್ಲ. ಸಹಾಯಕ್ಕೆ ಬರುತ್ತಾರೆಂದು ಮೇಲಕ್ಕೂ ನೋಡಲಿಲ್ಲ. ಇನ್ನು ಇವರಿಂದ ಆಗದು ಎಂದು ಬಿಟ್ಟವರು ಹೇಗೆ ಕೆಲಸ ಮಾಡುತ್ತಾರೋ ಹಾಗೆ ಮಾಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಗ್ಯಾಸ್ ಆರಿಸಿ, ಗೋಣಿ ಹೊಲಿಯುವ ದಬ್ಬಣ ಹುಡುಕಿಕೊಂಡು ಕೆಳಗೆ ಇಳಿದೆ.

ಮೊದಲನೆಯ ಸೀಳಿಗೆ ದಬ್ಬಣ ಚುಚ್ಚಿ ಅಂಟನ್ನು ಎಳೆದು ತೆಗೆದೆ. ನೀರು ಚಿಮ್ಮಿ ನನ್ನ ಬನಿಯನ್ನಿನ ಮೇಲೆ ಬಂತು. ಪ್ರಮೀಳಾ ಒಳಗಿನಿಂದ ಎದ್ದು ಬಂದು ನೋಡಿದಳು. ಆಸ್ಪತ್ರೆಯಲ್ಲಿ ಕೀವು ಹೊರಗೆ ಹೋಗಲೆಂದು ಗಾಯಕ್ಕೆ ನಳಿಗೆ ಹಾಕುವುದನ್ನು ಕಂಡವಳು, ಅವಳಿಗೆ ಹೆಚ್ಚು ವಿವರಿಸಬೇಕಾಗಲಿಲ್ಲ.

“ಇವನ್ನ ಯಾರ ಮುಚ್ಚಿದ್ರು?”

“ನಾನ.”

“ಬೇಕಂತನ?”

“ಬೇಕಂತ ಮುಚ್ಚಿದ್ರ ಈಗ ಯಾಕ ತಗೀತಿದ್ದೆ?”

ಅವಳು ನನ್ನ ಮುಖವನ್ನೇ ನೋಡಿದಳು. ನಾನು ತೊಟ್ಟಿಯ ಮುಂದೆ ಕೂತು ಪೆಟ್ಟಿಗೆಗಳನ್ನು ನೋಡುತ್ತಿದ್ದುದೂ ಹೀಗೆಯೇ ಇರಬೇಕು. ಗುಳ್ಳೆ ಬರಲಿಲ್ಲವೆಂದು ಕಾಣುತ್ತದೆ. ತಲೆಯಿಂದ ಪಿನ್ನು ತೆಗೆದುಕೊಂಡು ಆ ತುದಿಯ ಸೀಳುಗಳನ್ನು ಅವಳೇ ಬಿಡಿಸತೊಡಗಿದಳು. ತೂತು ಮಾಡುವ ಕೆಲಸವನ್ನು ನಾನು ಖುಷಿಯಿಂದ ಮಾಡಿದ್ದು ಜೀವಮಾನದಲ್ಲಿ ಅದೊಂದೇ ಸಲ.

ಶ್ರಾವಣದ ಮಳೆ ಬಂತು, ನಮ್ಮ ರಸ್ತೆಯಲ್ಲಿ ಸ್ಕೂಟರುಗಳು ಕೆಟ್ಟು ನಿಲ್ಲುವಷ್ಟು ಬಂತು. ಬೆಳಿಗ್ಗೆ ವಾನಖೇಡೆ ಕೊಡೆ ಹಿಡಿದು ಬಂದರು. ದೋಣಿಯೊಳಗೆ ಬಗ್ಗಿ ಸೀಟಿನ ಬುಡಕ್ಕೆಲ್ಲ ಅಂಗೈ ಆಡಿಸಿದರು, ಅಂಗೈಯನ್ನು ನೋಡಿಕೊಂಡರು, ಮತ್ತೆ ಆಡಿಸಿದರು. ಹೊರಗೆ ಸೀಳುಗಳಿಂದ ನೀರು ಸಣ್ಣಗೆ ಇಳಿದು ನೆಲಕ್ಕೆ ಹೋಗುತ್ತಿತ್ತು. “ಬರೋಬರ್ ಝಾಲಂ, ಕಾಕಾ”, ಸರಿಹೋಯಿತು ಎಂದು ಒಪ್ಪಿಕೊಂಡು ಎದ್ದರು. ವಾಟ್ಸಾಪಿಗೆ ಒಣಗಿದ ಸೀಟಿನ ಫೋಟೋ ಹಾಕಿದವರೂ ಅವರೇ. ನನ್ನ ಮಾನ ಉಳಿಯಿತು. ಇನ್ನು ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ.

ಮಳೆ ಹೊಳವಾದ ಒಂದು ರವಿವಾರ ದೋಣಿಯನ್ನು ಜಲಾಶಯಕ್ಕೆ ಒಯ್ದೆವು. ನಾನು ಲೈಫ್ ಜಾಕೆಟಿನ ಪಟ್ಟಿಗಳನ್ನು ಬಿಗಿದೆ, ಬಿಚ್ಚಿ ಮತ್ತೆ ಬಿಗಿದೆ. ಉಸಿರಾಡಲು ಜಾಗ ಬಿಡ್ರಿ ಎಂದು ಪ್ರಮೀಳಾ ಹೇಳಬೇಕಾಯಿತು. ಹತ್ತುವಾಗ ಕಾಲ ಕೆಳಗೆ ದೋಣಿ ಅಲುಗಿತು, ನಾನು ಗಾಜಿನ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಮೋಟಾರು ಹೊರಟಿತು. ನೀರು ಎದ್ದು ಗಾಜಿಗೆ ಬಡಿಯಿತು, ಗಾಜಿನ ಮೇಲೆ ಇಳಿಯಿತು, ಹೊರಗೇ ಹೋಯಿತು. ಒಳಗೆ ಒಂದು ಹನಿಯೂ ಬರಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದರೂ ಇಷ್ಟನ್ನು ಮಾತ್ರ ಒಂದು ಕಣ್ಣು ತೆರೆದು ನೋಡಿದೆ.

ನಡು ನೀರಿಗೆ ಬಂದು ಅವಳು ಮೋಟಾರು ನಿಲ್ಲಿಸಿದಳು. ಸುತ್ತ ಒಮ್ಮೆಲೇ ಸದ್ದಡಗಿತು. ದೂರದಲ್ಲಿ ದಂಡೆ ಒಂದು ಹಸಿರು ಗೆರೆಯಷ್ಟೇ ಇತ್ತು.

“ಅಂಜಿಕಿ ಬರಾಕತ್ತೈತೇನ್ರಿ?” ಎಂದು ಕೇಳಿದಳು.

ಹೌದು ಎಂದೆ. ಹಲ್ಲು ಕಟಕಟಿಸುತ್ತಿದ್ದಾಗ ಬೇರೇನು ಹೇಳುವುದು?

“ನನಗೂ ಬರ್ತೈತಿ” ಎಂದಳು.

ಚೇಷ್ಟೆ ಇರಬೇಕು ಎಂದುಕೊಂಡೆ. ತುಂಬಿದ ಕೃಷ್ಣೆಯಲ್ಲಿ ಈಸಿ ಆಚೆ ದಂಡೆ ಮುಟ್ಟಿ ಬಂದವಳು ಅವಳು. ಆದರೆ ಅವಳು ನಗುತ್ತಿರಲಿಲ್ಲ. ನೀರನ್ನು ನೋಡುತ್ತ ಮೆಲ್ಲಗೆ ಹೇಳಿದಳು:

“ತವರಿಗೆ ಹೋದಾಗ ನಾ ಹೊಳ್ಯಾಗ ಈಸು ಬಿದ್ರ ನೀವು ದಂಡಿ ಮ್ಯಾಲ ನಿಂತಿರ್ತಿದ್ರಿ. ನಡುವ ತಲಿ ಎತ್ತಿ ನೋಡಿದ್ರ ಕಾಣ್ತಿದ್ರಿ. ಅಷ್ಟ ಸಾಕಿತ್ತು, ಮತ್ತ ತಿರುಗಿ ಬರತಿದ್ದೆ. ಇಲ್ಲಿ ದಂಡಿ ಮ್ಯಾಲ ನಿಂತವ್ರು ಕಾಣಂಗಿಲ್ಲರಿ. ಅದಕ್ಕ ನೀವು ಒಳಗ ಬೇಕಾಗಿತ್ತು.”

ನಾನು ಚೌಕಟ್ಟನ್ನು ಬಿಟ್ಟೆ. ಬಿಡಲು ಸ್ವಲ್ಪ ಹೊತ್ತು ಹಿಡಿಯಿತು, ಬೆರಳುಗಳು ಮರಗಟ್ಟಿದ್ದವು. ಸರಿದು ಅವಳ ಪಕ್ಕದಲ್ಲಿ ಕೂತೆ. ಜಾಕೆಟ್ಟು ದಪ್ಪವಾಗಿ ಅವಳಿಗೆ ಒತ್ತುತ್ತಿತ್ತು, ಒತ್ತಲಿ ಎಂದಳು. ಇನ್ನು ಹೋಗೋಣವೇ ಎಂದು ಅವಳೇ ಕೇಳಿದಳು. ಸ್ವಲ್ಪ ಹೊತ್ತು ಇಲ್ಲೇ ಇರೋಣ ಎಂದವನು ನಾನು.